ಟವೆಲ್ ಹಾಕಿದ ಸೀಟು

ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಸಂಜೆ ಗೌನಿಪಲ್ಲಿ ಬಸ್ಸು ಹತ್ತುವವರಿಗೆ ಬಾಗಿಲಿಗಿಂತ ಕಿಟಕಿ ಮುಖ್ಯ. ಬಸ್ಸು ತಿರುಗಿ ನಿಲ್ಲುವ ಮೊದಲೇ ಅದರ ಜೊತೆಗೆ ಓಡಿ, ಕಿಟಕಿಯೊಳಗೆ ಕೈ ತೂರಿಸಿ, ಸೀಟಿನ ಮೇಲೆ ಟವೆಲ್ ಎಸೆಯಬೇಕು. ಟವೆಲ್ ಇಲ್ಲದವರು ಕರ್ಚೀಫು, ಕರ್ಚೀಫೂ ಇಲ್ಲದವರು ಸೊಪ್ಪಿನ ಚೀಲ. ಒಬ್ಬ ಮಹಾನುಭಾವ ಒಮ್ಮೆ ಚಪ್ಪಲಿ ಹಾಕಿದ್ದ. ಅದನ್ನೂ ಯಾರೂ ಮುಟ್ಟಲಿಲ್ಲ. ನಮ್ಮ ಕಡೆ ಇದಕ್ಕೊಂದು ಕಾನೂನಿದೆ, ಯಾರೂ ಬರೆದಿಟ್ಟದ್ದಲ್ಲ: ಹಾಕಿದವರೇ ಎತ್ತಬೇಕು. ಕುಡಿದು ತೂರಾಡುವವನೂ ಸೀಟಿನ ಮೇಲೆ ಟವೆಲ್ ಕಂಡರೆ ಕಂಬಿ ಹಿಡಿದು ನಿಂತುಕೊಳ್ಳುತ್ತಾನೆ.

ನಾನು ಆ ಊರಿನ ಶಾಲೆಯಲ್ಲಿ ಟೀಚರು. ದಿನವಿಡೀ ಮಕ್ಕಳಿಗೆ "ಸಾಲಾಗಿ ನಿಂತ್ಕೊಳ್ಳಿ, ತಳ್ಳಬೇಡಿ" ಎಂದು ಗಂಟಲು ಹರಿದುಕೊಂಡು, ಸಂಜೆ ನಾನೇ ನಾಲ್ಕು ಜನರನ್ನು ತಳ್ಳಿ ಟವೆಲ್ ಎಸೆಯುತ್ತಿದ್ದೆ. ಹಸಿರು ಚೌಕಳಿಯ ದಪ್ಪ ಟವೆಲ್ ಅದು, ನನ್ನ ಗಂಡನದು. ಗುರಿ ತಪ್ಪಿದ್ದು ಕಡಿಮೆ. ಮೂರು ವರ್ಷದಿಂದ ಈಚೆಗಂತೂ ತಪ್ಪುವ ಹಾಗೇ ಇರಲಿಲ್ಲ, ಸೊಂಟದ ಮೇಲೆ ನನ್ನ ತಂಗಿಯ ಮಗಳು ಇರುತ್ತಿದ್ದಳು.

ನನ್ನ ತಂಗಿ ಜ್ವರ ಬಂದು ತೀರಿಕೊಂಡಾಗ ಆ ಮಗು ಇನ್ನೂ ಅಂಬೆಗಾಲಿಡುತ್ತಿತ್ತು. ಕೋಲಾರದ ಆಸ್ಪತ್ರೆಯಿಂದ ಊರಿಗೆ ಬರುವಾಗ ಅದನ್ನು ನನ್ನ ಕೈಗೆ ಯಾರು ಕೊಟ್ಟರೋ ನೆನಪಿಲ್ಲ. ಆಮೇಲೆ ಯಾರೂ ವಾಪಸ್ಸು ತೆಗೆದುಕೊಳ್ಳಲಿಲ್ಲ. ನನ್ನ ಮಕ್ಕಳಿಬ್ಬರೂ ಅಷ್ಟು ಹೊತ್ತಿಗೆ ಕಾಲೇಜು ಸೇರಿದ್ದರು, ಅಟ್ಟದ ಮೇಲಿದ್ದ ತೊಟ್ಟಿಲನ್ನು ಮತ್ತೆ ಇಳಿಸಿದೆವು. ಸ್ವಲ್ಪ ದೊಡ್ಡದಾದ ಮೇಲೆ ನಮ್ಮ ಶಾಲೆಯ ಕಾಂಪೌಂಡಿನಲ್ಲೇ ಇರುವ ಅಂಗನವಾಡಿಗೆ ನನ್ನ ಜೊತೆ ಬರತೊಡಗಿತು. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಅದನ್ನು ಕೂರಿಸಿ ನಾನು ಅಂಚಿನಲ್ಲಿ ಕೂರುತ್ತಿದ್ದೆ. ಊರು ದಾಟಿ ಮಾವಿನ ತೋಪು ಶುರುವಾಗುತ್ತಿದ್ದ ಹಾಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು, ಟವೆಲ್ಲಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಗುತ್ತಿತ್ತು. ನನ್ನನ್ನು ಪೆದ್ದಮ್ಮ ಅನ್ನುತ್ತಿತ್ತು. ಆಂಧ್ರದ ಗಡಿಗೆ ಅಂಟಿಕೊಂಡಿರುವ ನಮ್ಮ ಕಡೆ ದೊಡ್ಡಮ್ಮ ಎನ್ನುವುದಕ್ಕೆ ತೆಲುಗಿನ ಆ ಮಾತೇ ಬಾಯಿಗೆ ಬರುತ್ತದೆ.

ಮಗುವಿನ ಅಪ್ಪ ಇಂದೋರಿನ ಮಂಡಿಯಲ್ಲಿದ್ದಾನೆ. ನಮ್ಮ ಮಾವು, ಕೋಲಾರದ ಟೊಮೆಟೊ ಅಲ್ಲಿ ಇಳಿಯುವಾಗ ನಮ್ಮ ಕಡೆಯವನೊಬ್ಬ ನಿಂತು ನೋಡಬೇಕಲ್ಲ, ಆ ಕೆಲಸ. ಒಳ್ಳೆಯವನು. ಒಳ್ಳೆಯವನಾಗಿದ್ದದ್ದೇ ನನಗೆ ಕಷ್ಟವಾಯಿತು. ಕೆಟ್ಟವನಾಗಿದ್ದರೆ "ಮಗು ಕೊಡಲ್ಲ ಹೋಗು" ಎಂದು ಕಡ್ಡಿ ಮುರಿದಂತೆ ಹೇಳಿಬಿಡಬಹುದಿತ್ತು. ಹಿಂದಿನ ವರ್ಷ ಮುಳಬಾಗಿಲ ಹತ್ತಿರದ ಹಳ್ಳಿಯೊಂದರ ಹುಡುಗಿಯನ್ನು ಮದುವೆಯಾದ. ಮದುವೆಗೆ ನಾವೇ ನಿಂತಿದ್ದೆವು. ಅವತ್ತೇ ನನಗೆ ಗೊತ್ತಿತ್ತು, ಫೋನು ಒಂದು ದಿನ ಬಂದೇ ಬರುತ್ತದೆ ಎಂದು.

"ಅಕ್ಕಾ, ಪಾಪನ್ನ ಈ ಸಲ ಕರ್ಕೊಂಡ್ಬರೋಣ ಅಂತಿದೀನಿ. ಸ್ಕೂಲಿಗೆ ಹಾಕೋ ವಯಸ್ಸಾಯ್ತಲ್ಲ. ನಂಗೆ ಸೀಸನ್ನು, ಬರಕ್ಕಾಗಲ್ಲ. ಇವಳೇ ಬಂದು ಕರ್ಕೊಂಡ್ ಬರ್ತಾಳೆ, ವಿಮಾನದ ಟಿಕೆಟ್ ಮಾಡ್ಸಿದೀನಿ" ಎಂದ.

"ನಾನೂ ಬರ್ತೀನಿ" ಎಂದೆ.

"ಬ್ಯಾಡ ಕಣೇ, ಅಲ್ಲೀಗಂಟ ಹೋಗಿ ಅಳ್ತಾ ಬರ್ತೀಯಾ" ಎಂದು ನನ್ನ ಗಂಡ ಪಕ್ಕದಿಂದ ಹೇಳಿದರು. ಅವರ ಮಾತನ್ನು ನಾನು ಯಾವತ್ತೂ ಕೇಳಿದವಳಲ್ಲ. ನನಗೂ ಒಂದು ಟಿಕೆಟ್ ಆಯಿತು. ಆದರೆ ಆಮೇಲೆ ಮಾಡಿಸಿದ್ದಾದ್ದರಿಂದ ಅದು ಬೇರೆಯೇ ಆಗಿತ್ತು, ಅವರಿಬ್ಬರದು ಬೇರೆ. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಅವನ ಹೆಂಡತಿ, ಆ ಮುಳಬಾಗಿಲ ಕಡೆಯ ಹುಡುಗಿ, ಕೋಲಾರದ ಬಸ್ ನಿಲ್ದಾಣದಲ್ಲಿ ನಮಗಾಗಿ ಕಾಯುತ್ತಿದ್ದಳು. ಮಗುವಿಗೆ ಗಾಜಿನ ಬಳೆ ತಂದಿದ್ದಳು. ಅಳತೆ ಸರಿಯಾಗಿತ್ತು. ಅದೂ ನನಗೆ ಸಿಟ್ಟು ತರಿಸಿತು. "ಅಕ್ಕಾ, ಸ್ವಲ್ಪ ಹೊತ್ತು ನಾ ಎತ್ಕೊಳ್ಳಾ?" ಎಂದು ಕೇಳಿದಾಗ "ಬ್ಯಾಡಮ್ಮ, ಅದಕ್ಕೆ ಅಭ್ಯಾಸ ಇಲ್ಲ" ಎಂದೆ. ವಿಮಾನ ನಿಲ್ದಾಣದವರೆಗೆ ಮಗು ನನ್ನ ತೊಡೆಯ ಮೇಲೇ ಇತ್ತು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ: ಇದು ನಾನು ಈ ಮಗುವಿನ ಪಕ್ಕದಲ್ಲಿ ಕೂತು ಮಾಡುವ ಕೊನೆಯ ಪ್ರಯಾಣ. ವಿಮಾನದಲ್ಲಿನ ಆ ಎರಡು ಗಂಟೆ ನನಗೆ ಬೇಕು. ಆಮೇಲೆ ಅವಳೇ ಇಟ್ಟುಕೊಳ್ಳಲಿ, ಜನ್ಮವಿಡೀ ಇದೆಯಲ್ಲ ಅವಳಿಗೆ.

ಕೌಂಟರಿನ ಹುಡುಗಿಗೆ "ಮೂರು ಸೀಟು ಒಟ್ಟಿಗೆ ಕೊಡಮ್ಮ" ಎಂದೆ. ಅವಳು ಕಂಪ್ಯೂಟರ್ ನೋಡಿ, "ಫುಲ್ ಇದೆ ಮೇಡಂ. ತಾಯಿ ಮಗು ಅಕ್ಕಪಕ್ಕ ಇದ್ದಾರೆ, ಚಿಂತೆ ಮಾಡಬೇಡಿ. ನಿಮ್ಮದು ಮಾತ್ರ ಹಿಂದೆ ಬಂದಿದೆ" ಎಂದು ನಕ್ಕಳು. ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆ ಎಂದೇ ಅವಳಿಗೆ ಅನ್ನಿಸಿತ್ತು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನವರು ಸೂಟ್‌ಕೇಸ್ ಮುಂದಕ್ಕೆ ತಳ್ಳಿದರು. ಇರಲಿ, ಗೌನಿಪಲ್ಲಿ ಬಸ್ಸಿನಲ್ಲಿ ಸೀಟು ಹಿಡಿದವಳಿಗೆ ಇದೇನು ಮಹಾ ಎಂದುಕೊಂಡೆ.

ಮಗು ಇರುವವರು ಮೊದಲು ಬನ್ನಿ ಎಂದು ಕರೆದರು. ಆ ಹುಡುಗಿ ಮಗುವಿನ ಬಾಟಲಿಗೆ ನೀರು ತುಂಬಿಸಲು ಹೋಗಿದ್ದಳು. ನಾನು ಕಾಯಲಿಲ್ಲ, ಮಗುವಿನ ಚೀಟಿ ನನ್ನ ಕೈಯಲ್ಲೇ ಇತ್ತು. ಮಗುವನ್ನು ಎತ್ತಿಕೊಂಡು ನಡೆದೇಬಿಟ್ಟೆ. ಅವರ ಸಾಲು ಹುಡುಕಿ ಮಗುವನ್ನು ಕಿಟಕಿಗೆ ಕೂರಿಸಿದೆ. ನಡುವಿನ ಸೀಟು ಖಾಲಿ, ಅದು ಆ ಹುಡುಗಿಯದು. ಅಂಚಿನ ಸೀಟಿನಲ್ಲಿ ಆಗಲೇ ಒಬ್ಬ ವೃದ್ಧರು ಕೂತಿದ್ದರು. ನನಗೆ ಬರುವ ಹಿಂದಿಯಲ್ಲಿ, ಹಿಂದಿರುವ ನನ್ನ ಸೀಟಿಗೆ ಹೋಗುತ್ತೀರಾ ಎಂದು ಕೇಳಿದೆ. ಅವರು ಮಂಡಿಗೆ ಸುತ್ತಿದ್ದ ಪಟ್ಟಿ ತೋರಿಸಿ, ಕಾಲು ಚಾಚಲು ಇದೇ ಬೇಕು ಎಂದು ಕೈಮುಗಿದರು. ಅವರನ್ನು ಬೈಯುವ ಹಾಗಿರಲಿಲ್ಲ, ಮನಸ್ಸಿನಲ್ಲೇ ಅವರ ಮಂಡಿಯನ್ನು ಬೈದುಕೊಂಡೆ.

ಅಷ್ಟರಲ್ಲಿ ಸಿಬ್ಬಂದಿಯ ಹುಡುಗಿಯೊಬ್ಬಳು ಬಂದು, ಇಲ್ಲಿ ಮೇಲೆ ಜಾಗ ಇಲ್ಲ, ನಿಮ್ಮ ಚೀಲವನ್ನು ನಿಮ್ಮ ಸೀಟಿನ ಮೇಲಿನ ಗೂಡಿನಲ್ಲೇ ಇಟ್ಟು ಬನ್ನಿ ಎಂದಳು. ಸರಿ ಎಂದೆ. ಹೋಗುವ ಮೊದಲು, ಯೋಚನೆಯೂ ಮಾಡದೆ, ಹೆಗಲ ಮೇಲಿನ ಟವೆಲ್ ತೆಗೆದು ನಡುವಿನ ಸೀಟಿನ ಮೇಲೆ ಹಾಸಿದೆ. "ಟವೆಲ್ ಹಾಕಿದೀನಿ, ಈಗ ಬರ್ತೀನಿ" ಎಂದೆ. ಮಗು ಅದರ ಮೇಲೆ ಕೈಯಿಟ್ಟುಕೊಂಡು ಕೂತಿತು. ಅದಕ್ಕೂ ಆ ಕಾನೂನು ಗೊತ್ತು.

ಹಿಂದಕ್ಕೆ ಹೋಗಿ ಚೀಲ ತುರುಕುವಷ್ಟರಲ್ಲಿ ಜನ ತುಂಬಿಕೊಂಡರು. ಎದುರು ನುಗ್ಗಿಕೊಂಡು ಬರುತ್ತಿದ್ದರೆ ಮುಂದೆ ಸಾಲು ನಿಂತುಬಿಟ್ಟಿತ್ತು. ಆ ಹುಡುಗಿ ನೀರಿನ ಬಾಟಲಿ ಹಿಡಿದು ನಡುದಾರಿಯಲ್ಲಿ ನಿಂತಿದ್ದಳು. ಹಿಂದೆ ಇದ್ದವರು ಗೊಣಗುತ್ತಿದ್ದರು. ಸಿಬ್ಬಂದಿಯ ಹುಡುಗಿ ಅವಳ ಚೀಟಿ ನೋಡಿ ಹೇಳುತ್ತಿದ್ದಳು, "ಮೇಡಂ, ಇದೇ ನಿಮ್ಮ ಸೀಟು, ಕೂತ್ಕೊಳ್ಳಿ."

"ಇಲ್ಲ ಮೇಡಂ, ಅಕ್ಕ ಟವೆಲ್ ಹಾಕವ್ರೆ."

"ಟವೆಲ್ ತೆಗೆದು ಕೂತ್ಕೊಳ್ಳಿ ಮೇಡಂ, ಎಲ್ಲರೂ ಕಾಯ್ತಿದ್ದಾರೆ."

ಸಿಬ್ಬಂದಿಯ ಹುಡುಗಿ ತಾನೇ ಬಗ್ಗಿ ಟವೆಲ್ಲಿಗೆ ಕೈ ಹಾಕಿದಳು. ಇವಳು ಅವಳ ಕೈ ಹಿಡಿದುಕೊಂಡಳು. "ಬ್ಯಾಡ ಮೇಡಂ, ತೆಗೀಬ್ಯಾಡಿ. ಅಕ್ಕ ಬರ್ಲಿ" ಎಂದಳು. ಮುಖ ಕೆಂಪಾಗಿತ್ತು. ಅಷ್ಟು ಜನರ ಎದುರು, ತನ್ನದೇ ಸೀಟಿನ ಮುಂದೆ, ಹೆಜ್ಜೆ ಕದಲಿಸದೆ ನಿಂತಿದ್ದಳು.

ಮುಳಬಾಗಿಲಿನಲ್ಲೂ ಅದೇ ಬಸ್ಸು, ಅದೇ ಕಿಟಕಿ, ಅದೇ ಕಾನೂನು. ನನಗೆ ಅದು ಯಾಕೆ ಹೊಳೆದಿರಲಿಲ್ಲವೋ. ಅವಳು ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಟವೆಲ್ ಎತ್ತಿ ಕೂತಿದ್ದರೆ ಎಬ್ಬಿಸುತ್ತಿದ್ದೆ, ಅದಕ್ಕೆ ಬೇಕಾದ ಮಾತು ಕೋಲಾರದಿಂದಲೇ ಸಿದ್ಧಪಡಿಸಿಕೊಂಡು ಬಂದಿದ್ದೆ. ಅವಳು ಮುಟ್ಟಲೇ ಇಲ್ಲ. ಹಾಕಿದವಳೇ ಎತ್ತಲಿ ಎಂದು ಕಾದಳು.

ಸಿಬ್ಬಂದಿಯ ಹುಡುಗಿ ನಮ್ಮಿಬ್ಬರ ಮುಖ ನೋಡಿದಳು. "ಮಗುವಿನ ತಾಯಿ ಯಾರು? ಅವರು ಕೂತ್ಕೊಳ್ಳಿ" ಎಂದಳು.

ಬಾಟಲಿ ಹಿಡಿದು ನಿಂತವಳು ನನ್ನ ಕಡೆ ನೋಡಿದಳು. ಮಗುವೂ ನೋಡಿತು. ಸುಮ್ಮನೆ "ನಾನೇ" ಅಂದಿದ್ದರೆ ಅವಳು ಬಾಟಲಿ ನನ್ನ ಕೈಗಿತ್ತು ಹಿಂದೆ ಹೋಗುತ್ತಿದ್ದಳು, ಅದರಲ್ಲಿ ನನಗೆ ಸಂಶಯವಿಲ್ಲ. ನಾಲಿಗೆಯ ತುದಿಗೆ ಬಂದಿತ್ತು.

"ಇವಳೇ" ಎಂದೆ.

ಮಗುವಿನ ಕೈ ಸರಿಸಿ ಟವೆಲ್ ಎತ್ತಿಕೊಂಡೆ. ನನ್ನ ಜೀವಮಾನದಲ್ಲಿ ಹಿಡಿದ ಸೀಟನ್ನು ಬಿಟ್ಟುಕೊಟ್ಟದ್ದು ಅದೊಂದೇ ಸಲ. ವೃದ್ಧರು ಪಾಪ, ಮಂಡಿ ಹಿಡಿದುಕೊಂಡು ಎದ್ದು ಅವಳಿಗೆ ದಾರಿ ಬಿಟ್ಟರು. ಅವಳು ಕೂತಳು. ನಾನು ಹಿಂದೆ ಹೋಗಿ, ಶೌಚಾಲಯದ ಹತ್ತಿರದ ಸಾಲಿನಲ್ಲಿ, ಯಾರೋ ಇಬ್ಬರ ನಡುವೆ ಕೂತೆ. ಟವೆಲ್ಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡೆ. ಅದರಲ್ಲಿ ಕೊಬ್ಬರಿ ಎಣ್ಣೆಯ ವಾಸನೆ, ಮಗುವಿನ ತಲೆಯದು.

ವಿಮಾನ ಮೇಲಕ್ಕೆದ್ದ ಕೂಡಲೇ ಅಳು ಶುರುವಾಯಿತು. ಆ ಸದ್ದಿನಲ್ಲೂ ನನಗೆ ಸ್ಪಷ್ಟವಾಗಿ ಕೇಳಿಸಿತು. "ಪೆದ್ದಮ್ಮಾ, ರಾ! ಪೆದ್ದಮ್ಮಾ, ರಾ!" ಬಾ ಎಂದು ತೆಲುಗಿನಲ್ಲಿ ಕರೆಯುತ್ತಿತ್ತು, ನಿದ್ದೆಗಣ್ಣಿನಲ್ಲಿ ಕರೆಯುವ ಹಾಗೆಯೇ. ಬೆಲ್ಟು ಬಿಚ್ಚಿದೆ. ಪಕ್ಕದವರು ಮೇಲಿನ ಬೆಲ್ಟಿನ ದೀಪ ತೋರಿಸಿ, ಈಗ ಏಳಬಾರದು ಎಂದರು. ಮತ್ತೆ ಹಾಕಿಕೊಂಡೆ. ಯಾರಾದರೂ ಬಂದು, ನಿಮ್ಮನ್ನು ಬಿಟ್ಟರೆ ಆ ಮಗು ಸುಮ್ಮನಾಗುವುದಿಲ್ಲ, ಬನ್ನಿ ಎಂದು ಕರೆಯಲಿ ಎಂದು ದೇವರನ್ನು ಬೇಡಿಕೊಂಡೆ.

ದೀಪ ಆರುವ ಹೊತ್ತಿಗೆ ಸಿಬ್ಬಂದಿಯ ಹುಡುಗಿ ಬಂದೇಬಂದಳು. ನಾನು ಅರ್ಧ ಎದ್ದಿದ್ದೆ. "ಮೇಡಂ, ಅವರು ನಿಮ್ಮನ್ನ ಕೇಳಿ ಅಂದ್ರು, ಟವೆಲ್ ಕೊಡ್ತೀರಾ? ಮಗು ಅದಿದ್ರೆ ಮಲಗುತ್ತಂತೆ."

ಟವೆಲ್ ಸಾಕಾಗಿತ್ತು. ಕೊಟ್ಟೆ. ಸ್ವಲ್ಪ ಹೊತ್ತಿಗೆ ಅಳು ಬಿಕ್ಕಳಿಕೆಯಾಯಿತು, ಆಮೇಲೆ ಅದೂ ಕೇಳಿಸಲಿಲ್ಲ. ಮಗು ಅಳುತ್ತಿದ್ದಾಗ ತಡೆದುಕೊಂಡಿದ್ದೆ. ನಿಂತ ಮೇಲೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಮಗು ಸುಮ್ಮನಾಯಿತಲ್ಲ ಎಂದು ಸಂತೋಷಪಡಬೇಕಿತ್ತು. ಪಡಲಿಲ್ಲ, ಸುಳ್ಳು ಯಾಕೆ ಹೇಳಲಿ.

ಇಂದೋರಿನಲ್ಲಿ ಕೆಲವು ದಿನ ಇದ್ದೆ. ಮನೆ ಚಿಕ್ಕದು, ಚೊಕ್ಕಟವಾಗಿತ್ತು. ಹೊರಡುವ ಬೆಳಿಗ್ಗೆ ಮಗು ಇನ್ನೂ ಮಲಗಿತ್ತು, ಮಗ್ಗುಲಲ್ಲಿ ಹಸಿರು ಟವೆಲ್ ಹಾಸಿತ್ತು. "ಅಕ್ಕಾ, ನಿಮ್ ಟವೆಲ್" ಎಂದಳು ಅವಳು, ತಾನು ಮುಟ್ಟದೆ.

"ಅಲ್ಲೇ ಇರ್ಲಿ ಬಿಡಮ್ಮ" ಎಂದು ಚಪ್ಪಲಿ ಹಾಕಿಕೊಂಡೆ.

ಮಾರನೆಯ ಸಂಜೆ ಶ್ರೀನಿವಾಸಪುರದ ನಿಲ್ದಾಣಕ್ಕೆ ಗೌನಿಪಲ್ಲಿ ಬಸ್ಸು ತಿರುಗಿತು. ಕಾಲು ಅಭ್ಯಾಸಬಲದಿಂದ ಓಡಿತು. ಕಿಟಕಿಯವರೆಗೆ ಹೋದ ಮೇಲೆ ನೋಡಿಕೊಂಡರೆ ಕೈಯಲ್ಲಿ ಎಸೆಯಲು ಏನೂ ಇಲ್ಲ. ಎಲ್ಲರೂ ಹತ್ತಿದ ಮೇಲೆ ಹತ್ತಿ, ಕಂಬಿ ಹಿಡಿದು ನಿಂತೆ. ದಿನಾ ನೋಡುವ ಕಂಡಕ್ಟರು ಟಿಕೆಟ್ ಹರಿಯುತ್ತ ಬಂದರು.

"ಏನ್ ಟೀಚರ್, ನೀವೇ ನಿಂತಿದೀರಾ! ಟವೆಲ್ ಎಲ್ಲೋಯ್ತು?"

"ಪಾಪು ಹತ್ರ ಇದೆ."

"ಪಾಪು ಎಲ್ಲಿ, ಕಾಣ್ತಾ ಇಲ್ಲ?"

"ಅವರಮ್ಮನ ಹತ್ರ ಇದೆ" ಎಂದೆ.

ಇಷ್ಟು ದಿನ ನಾನೇ ಅದರ ತಾಯಿ ಎಂದುಕೊಂಡಿದ್ದರು ಅವರು. ನಾನೂ ತಿದ್ದಿರಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿದರು. ಬಾಗಿಲ ಪಕ್ಕದ ತಮ್ಮ ಸೀಟಿನಿಂದ ಚೀಲ ತೆಗೆದು, "ಇಲ್ಲಿ ಕೂತ್ಕೊಳ್ಳಿ ಟೀಚರ್" ಎಂದರು. ಒಬ್ಬರಿಗೇ ಆಗುವ ಸೀಟು ಅದು. ಕೂತೆ. ಮಾವಿನ ತೋಪು ಬಂದಾಗ ಕೈ ತಾನಾಗಿ ತೊಡೆಯ ಮೇಲೆ ಹೋಯಿತು. ಅಲ್ಲಿ ಯಾವ ತಲೆಯೂ ಇರಲಿಲ್ಲ.