ಹನ್ನೊಂದು ಗಂಟೆಯ ದಾರಿ

ನಮ್ಮ ಅತ್ತೆಯ ಇಸ್ತ್ರಿಪೆಟ್ಟಿಗೆಗಿಂತ ಅವಳ ಬಾಯೇ ಹೆಚ್ಚು ಬಿಸಿ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕಾಲರಿಗೆ ಗಂಜಿ ಸಾಲದು ಎಂದು ಅವಳ ಇಸ್ತ್ರಿ ಅಂಗಡಿ ಮುಂದೆ ತಕರಾರು ತೆಗೆಯುವವರ್ಯಾರೂ ಗಂಡನನ್ನು ಸಮುದ್ರದಾಚೆ ಬಿಟ್ಟು ಒಂಟಿಯಾಗಿ ಮಗಳನ್ನು ಬೆಳೆಸಿದವರಲ್ಲ.

ಅವಳ ಗಂಡ, ನಮ್ಮ ಮಾವ, ದೂರದೇಶದ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಅವನಿಗೆ ರಜೆ ಕೊಡುವ ಆಫೀಸಿನವರದು ಒಂದು ದರಿದ್ರ ಪದ್ಧತಿ. ಅಲ್ಲಿಯ ವಿಮಾನ ನಿಲ್ದಾಣ, ಇಲ್ಲಿಯ ವಿಮಾನ ನಿಲ್ದಾಣ, ಎರಡನ್ನೂ ಕಂಪ್ಯೂಟರಿಗೆ ಹಾಕುತ್ತಾರೆ. ಅದು ನೇರ ಗೆರೆ ಎಳೆದು ಹನ್ನೊಂದು ಗಂಟೆ ಎನ್ನುತ್ತದೆ. ಸರಿ, ಹೋಗಲು ಒಂದು ದಿನ, ಬರಲು ಒಂದು ದಿನ, ಮುಗಿಯಿತು! ಆ ಗೆರೆಯ ಮೇಲೆ ಹಾರುವ ವಿಮಾನವೇ ಇಲ್ಲವೆಂಬುದು ಅವರ ತಲೆಗೆ ಹೋಗುವುದಿಲ್ಲ. ಬಂದರಿನಿಂದ ಬಸ್ಸು, ಆಮೇಲೆ ಮೂರು ವಿಮಾನ, ನಡುವೆ ಯಾವುದೋ ನಿಲ್ದಾಣದ ಕುರ್ಚಿಯಲ್ಲಿ ಚೀಲ ತಬ್ಬಿಕೊಂಡು ತೂಕಡಿಕೆ. ಮನೆ ಸೇರುವಷ್ಟರಲ್ಲಿ ಮುಕ್ಕಾಲು ರಜೆಯನ್ನು ದಾರಿಯೇ ನುಂಗಿರುತ್ತದೆ.

ಮಗಳ ಮದುವೆಗೂ ಅದೇ ಲೆಕ್ಕ, ದಾರಿಯ ಎರಡು ದಿನವೂ ಸೇರಿ ನಾಲ್ಕೇ ದಿನ. ಇನ್ನೆರಡು ದಿನ ಕೇಳೋಣವೆಂದು ಅತ್ತೆ ನನ್ನ ಕೈಲಿ ಆ ಆಫೀಸಿನ ಇಲ್ಲಿಯ ಶಾಖೆಗೆ ಫೋನ್ ಮಾಡಿಸಿ ತಾನೇ ಮಾತಾಡಿದಳು.

“ಹನ್ನೊಂದು ಗಂಟೆ ಪ್ರಯಾಣ ಮೇಡಂ. ಮಿಕ್ಕ ಟೈಮಲ್ಲಿ ನಿಮ್ಮ ಯಜಮಾನ್ರು ದಾರೀಲಿ ಏನ್ ಮಾಡ್ತಾರೆ?” ಎಂದಿತು ಒಂದು ಮೆತ್ತನೆಯ ದನಿ.

“ಈಜ್ಕೊಂಡ್ ಬರ್ತಾರೆ!” ಎಂದು ಅತ್ತೆ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಅದು ನನ್ನ ಫೋನು.

ಶುಕ್ರವಾರ ಪಾಳಿ ಮುಗಿಸಿಯೇ ಮಾವನನ್ನು ಬಿಟ್ಟರು. ಮೊದಲ ವಿಮಾನ ತಡವಾಯಿತು, ಎರಡನೆಯದು ಅವನನ್ನು ಬಿಟ್ಟು ಹಾರಿತು. ಭಾನುವಾರ ಮದುವೆ. ಬೀಗರಾದರೂ ಎಷ್ಟೂಂತ ಕಾಯುತ್ತಾರೆ? ಹುಡುಗಿ ಬಾಗಿಲ ಕಡೆ ನೋಡಿ ನೋಡಿ ಕೊನೆಗೆ ತಲೆ ತಗ್ಗಿಸಿದಳು. ಅವಳಪ್ಪ ನಿಲ್ಲಬೇಕಾದ ಜಾಗದಲ್ಲಿ ಅತ್ತೆಯ ಅಣ್ಣನಾದ ನಮ್ಮಪ್ಪ ನಿಂತ. ಸಂಜೆಯ ರೈಲಿಗೆ ಅವಳು ಗಂಡನ ಊರಿಗೆ ಹೊರಟೂ ಹೋದಳು.

ಮಾವ ಬಂದದ್ದು ಮರುದಿನ ಬೆಳಿಗ್ಗೆ. ಮದುವೆಗೆಂದು ತಂದ ಹೊಸ ಅಂಗಿಯನ್ನು ದಾರಿಯಲ್ಲೇ ಹಾಕಿಕೊಂಡಿದ್ದ, ಅದು ಮುದ್ದೆಯಾಗಿತ್ತು. ಬಾಡಿಗೆ ಕುರ್ಚಿ ಪೇರಿಸುತ್ತಿದ್ದ ನನ್ನನ್ನು ನೋಡಿ, “ಮುಗೀತಾ?” ಎಂದ. ಯಾರನ್ನಾದರೂ ಹಿಡಿದು ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು ನನಗೆ. ಅತ್ತೆ ಮಾತ್ರ ಅವನ ಕೈಯಿಂದ ಚೀಲ ಇಳಿಸಿಕೊಂಡಳು. ಊಟ ಬಡಿಸಿದಳು. ಉಣ್ಣುತ್ತಲೇ ಅವನ ಕಣ್ಣು ಎಳೆಯುತ್ತಿದ್ದವು.

ಅವತ್ತು ಸಂಜೆಯೇ ವಾಪಸ್ ವಿಮಾನ. ಮಧ್ಯಾಹ್ನ ಟ್ಯಾಕ್ಸಿ ಬಂದು ಹಾರನ್ ಹೊಡೆಯಿತು. ಮಾವ ಒಳಗೆ ಮಗಳ ಮಂಚದ ಮೇಲೆ ಮಲಗಿದ್ದ. ಅತ್ತೆ ಸರಸರನೆ ಹೊರಗೆ ಬಂದಳು.

“ಹೋಗಪ್ಪಾ, ಅವರು ಬರಲ್ಲ” ಎಂದಳು ಡ್ರೈವರಿಗೆ.

ನಾನು ಗಾಬರಿಯಾದೆ. “ಅತ್ತೆ, ಕೆಲಸ ಹೋಗುತ್ತೆ! ಮಾವನ್ನ ಒಂದ್ ಮಾತು ಕೇಳು.”

“ಇಷ್ಟು ವರ್ಷ ಅವರನ್ನ ಕಳಿಸೋವಾಗ ನನ್ನನ್ನ ಯಾರ್ ಕೇಳಿದ್ರೋ?”

ಟ್ಯಾಕ್ಸಿ ಹೊರಟುಹೋಯಿತು. ನಾನು ಕಿಟಕಿಯಿಂದ ಒಳಗೆ ಬಗ್ಗಿ ನೋಡಿದೆ. ಮಾವ ಎಚ್ಚರವಾಗಿಯೇ ಇದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮೆಲ್ಲಗೆ ಗೋಡೆಯ ಕಡೆ ಮಗ್ಗುಲಾಗಿ ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡ.