ಇಡೀ ಜಿಲ್ಲೆಗೆ ಒಂದೇ ನೌಕರಿ

ನಮ್ಮ ಮನೆಯಲ್ಲಿ ಒಳ್ಳೆಯ ಸುದ್ದಿಯನ್ನು ಕೆಲಸ ಕೈಗೂಡುವವರೆಗೆ ಹೊರಗೆ ಬಿಡುವುದಿಲ್ಲ. ಹೆಣ್ಣು ನೋಡಲು ಬರುವವರಿರಲಿ, ಬೋರು ಕೊರೆಸುವುದಿರಲಿ, ಹೇಳಿದರೆ ಕಣ್ಣು ಬೀಳುತ್ತದೆ. ಹೀಗಾಗಿ ತಂಗಿಗೆ ವಿಮಾನ ನಿಲ್ದಾಣದಲ್ಲಿ ನೌಕರಿ ಆಗಿದೆ ಎಂದು ಫೋನು ಮಾಡಿದವನು, "ಆರ್ಡರ್ ಕೈಗೆ ಬರೂತನಕ ಯಾರ ಮುಂದೂ ಹೇಳಬ್ಯಾಡ್ರಿ, ವಶೀಲಿ ಹಚ್ಚಿ ತಪ್ಪಸ್ತಾರ" ಅಂದಾಗ ಅವ್ವನಿಗೆ ಅವನು ನಮ್ಮವನೇ ಅನ್ನಿಸಿಬಿಟ್ಟ.

"ಭಾಳ ತಿಳುವಳಿಕಿ ಮನಷ್ಯಾ ಅದಾನ" ಎಂದಳು.

ಅರ್ಜಿಯನ್ನೇ ಹಾಕದೆ ಬಂದ ನೌಕರಿ ಇದೆಂಥದ್ದು ಎಂದು ನನ್ನ ತಲೆ ಕೆಟ್ಟಿತು. ಕೇಳಿದರೆ, "ಅಪಶಕುನ ನುಡೀಬ್ಯಾಡ" ಎಂದು ಅವ್ವ ಗದರಿದಳು. ಅವನು ರೊಕ್ಕ ಕೇಳಿದ್ದು ಮಾತ್ರ ನಮಗ್ಯಾರಿಗೂ ವಿಚಿತ್ರವೆನಿಸಲಿಲ್ಲ. ಪುಕ್ಕಟೆ ನೌಕರಿ ಸಿಗುತ್ತದೆಂದು ನಂಬುವಷ್ಟು ದಡ್ಡರು ಗಂಗಾವತಿಯಲ್ಲಿ ಯಾರಿದ್ದಾರೆ!

ಟ್ರೇನಿಂಗ್ ಫೀಸಿನ ಜೊತೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನೂ ಕೊಪ್ಪಳ ಬಸ್ ಸ್ಟ್ಯಾಂಡಿಗೆ ತರಬೇಕಿತ್ತು. ತಂಗಿ ಪಕ್ಕದ ಮರಳಿ ಊರಿನ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಆ ಕಾಗದಗಳು ಹೋದರೆ ಅವಳ ಓದೆಲ್ಲ ಹೋದಂತೆ. ಅದಕ್ಕೇ ನಾನೂ ಜೊತೆಗೆ ಹೋದೆ.

ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪಕ್ಕ ಕುಷ್ಟಗಿ ಕಡೆಯ ಒಬ್ಬ ಹಿರಿಯರು ಮಗಳೊಂದಿಗೆ ಕೂತಿದ್ದರು. ಆ ಹುಡುಗಿಯೂ ತಂಗಿಯ ಹಾಗೆ ಒಂದು ಫೈಲನ್ನು ಎದೆಗೆ ಅವಚಿಕೊಂಡಿದ್ದಳು.

"ಯಾವ ಕಡಿ ಬಂದೀರಿ?" ಎಂದರು ಹಿರಿಯರು.

"ಜವಳಿ ತರಾಕ್ರಿ. ನೀವು?" ಎಂದೆ, ನಾಲಿಗೆ ತಡವರಿಸದೆ.

"ದವಾಖಾನಿಗೆ ಬಂದೀವ್ರಿ."

ಇಬ್ಬರೂ ಸುಳ್ಳು ಹಾರಿಸಿದೆವು, ಇಬ್ಬರೂ ನಂಬಿದೆವು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಕಿವಿ ಮಂದವಿರಬೇಕು, ಸ್ಪೀಕರ್ ಹಾಕಿದರು.

"ಇಡೀ ಜಿಲ್ಲಾಕ್ಕ ಒಂದ ಪೋಸ್ಟ್ ಐತ್ರಿ, ಅದು ನಿಮ್ಮ ಮಗಳದು. ನಮ್ಮ ಮನಷ್ಯಾ ಗೇಟಿನ್ಯಾಗ ನಿಂತಾನ, ಲಗೂನ ಕೊಡ್ರಿ."

ನಮ್ಮ ಫೋನಿನಲ್ಲಿ ಕೇಳಿದ್ದ ಅದೇ ದನಿ. ಅದೇ ಒಂದು ಪೋಸ್ಟನ್ನು ನಿನ್ನೆ ಅವನು ನಮ್ಮ ತಂಗಿಗೂ ಕೊಟ್ಟಿದ್ದ! ನಾನು ಹಿರಿಯರ ತೋಳು ಹಿಡಿದೆ.

"ಯಜಮಾನ್ರ, ಕೊಡಬ್ಯಾಡ್ರಿ. ಇದೇ ನೌಕರಿ ನಮಗೂ ಕೊಡ್ತೀನಿ ಅಂದಾನ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಿಂಗ ತಪ್ಪಸಾಕ ಬರ್ತಾರಂತ ಸಾಹೇಬ್ರು ಮೊದಲ ಹೇಳ್ಯಾರ" ಎಂದವರೇ ಮಗಳ ಕೈ ಹಿಡಿದು ಗೇಟಿನ ಕಡೆಗೆ ಓಡಿದರು. ಕೊರಳಿಗೆ ಕಾರ್ಡು ನೇತುಹಾಕಿಕೊಂಡಿದ್ದ ಒಬ್ಬಾತ ಹಣ, ಫೈಲು ಎರಡನ್ನೂ ಇಸಿದುಕೊಂಡ. ನಾನು ಕೂಗುತ್ತ ಬರುವುದನ್ನು ಕಂಡು ಬೈಕು ಹತ್ತಿ ಹೋದ. ನಾನು ಸುಮ್ಮನಿದ್ದಿದ್ದರೆ ಆ ಹಿರಿಯರು ಇನ್ನೊಂದು ಸಲ ಯೋಚಿಸುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ.

ವಾಪಸ್ ಬರುವಾಗ ತಂಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಫೈಲು ಅವಳ ತೊಡೆಯ ಮೇಲೇ ಇತ್ತು.

"ಅಣ್ಣಾ," ಎಂದಳು, "ಅದು ಖರೇ ನೌಕರಿನ ಆಗಿದ್ರ? ನಂದು ಆಕಿಗೆ ಹೋತಲ್ಲ?"

ಆ ಹುಡುಗಿಗೆ ನೌಕರಿ ಸಿಕ್ಕಿರಲಿ ಎಂದು ಬೇಡಿಕೊಳ್ಳಬೇಕೋ, ಸಿಕ್ಕಿರದಿರಲಿ ಎಂದು ಬೇಡಿಕೊಳ್ಳಬೇಕೋ, ನನಗೆ ಈಗಲೂ ತಿಳಿಯುವುದಿಲ್ಲ.