ಲುವೀನಾ ಮತ್ತು ‘ಬಿಹೋಲ್ಡನ್’ ಎಂಬ ಮಾತು

ಕೆಂಟಕಿಯ ಪೂರ್ವದ ಬೆಟ್ಟಗಳಲ್ಲಿ, ಎರಡು ಗುಡ್ಡಗಳ ಸಂದಿಗೆ ಸಿಕ್ಕಿಕೊಂಡ ಒಂದು ಕಣಿವೆಯ ತುದಿಮನೆಯಲ್ಲಿ ಲುವೀನಾ ಕಾಡಿಲ್ ಒಬ್ಬಳೇ ಇದ್ದಳು. ಬೆಳಿಗ್ಗೆ ಹೊಳೆಯಿಂದ ಎದ್ದ ಮಂಜು ಅವಳ ಜಗಲಿಯವರೆಗೂ ಬಂದು, ನೆಂಟರ ಹಾಗೆ ಸ್ವಲ್ಪ ಹೊತ್ತು ಕೂತು, ಬಿಸಿಲು ಗುಡ್ಡ ಇಳಿಯುವ ಹೊತ್ತಿಗೆ ಎದ್ದುಹೋಗುತ್ತಿತ್ತು. ಲುವೀನಾ ಕಣಿವೆಯ ಸೂಲಗಿತ್ತಿ, ಎಲ್ಲರ ಬಾಯಲ್ಲೂ ‘ಅತ್ತೆ’. ಹೊಳೆಯ ಎರಡೂ ದಂಡೆಯಲ್ಲಿ ಓಡಾಡುವ ಮಕ್ಕಳಲ್ಲಿ, ಮಕ್ಕಳ ಅಪ್ಪಂದಿರಲ್ಲಿ, ಅವಳ ಕೈಗೆ ಮೊದಲು ಬೀಳದವರು ಕಡಿಮೆ.

ಆ ಕಡೆಯವರಿಗೆ ಉಪಕಾರ ನೆನೆಯಲು ಎರಡು ಮಾತಿದ್ದವು. ಅಂಗಡಿಯವನು ಹಿಟ್ಟಿನ ಚೀಲ ಎತ್ತಿಕೊಟ್ಟರೆ ‘ಒಬ್ಲೈಜ್ಡ್’ ಎನ್ನುತ್ತಿದ್ದರು. ಅದು ಹಗುರವಾದ ಮಾತು, ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಉದುರಿಹೋಗುತ್ತಿತ್ತು. ‘ಬಿಹೋಲ್ಡನ್’ ಹಾಗಲ್ಲ. ಅದು ಹಂಗಿನ ಮಾತು. ಒಬ್ಬರ ಉಪ್ಪು ನಾಲಿಗೆಗೆ ತಗುಲಿದ ಮೇಲೆ ಅವರೆದುರು ತಲೆ ಎಷ್ಟು ಎತ್ತಬೇಕೆಂದು ಯೋಚಿಸಬೇಕಾಗುತ್ತದಲ್ಲ, ಅದು. ‘ನಾನು ಯಾರಿಗೂ ಬಿಹೋಲ್ಡನ್ ಅಲ್ಲ’ ಎಂದು ಜನ ಹೇಳುವುದನ್ನು ಲುವೀನಾ ಹುಟ್ಟಿದಾಗಿನಿಂದ ಕೇಳಿದ್ದಳು. ಆ ‘ಅಲ್ಲ’ ಇಲ್ಲದೆ ಯಾರೂ ಅದನ್ನು ಆಡಿದ್ದು ಅವಳ ಕಿವಿಗೆ ಬಿದ್ದಿರಲಿಲ್ಲ.

ಅಪ್ಪ ಕಲ್ಲಿದ್ದಲ ಗಣಿಯಲ್ಲಿ ಸತ್ತ ವರ್ಷ ಚರ್ಚಿನವರು ಜೋಳದ ಹಿಟ್ಟು ತಂದಿಟ್ಟು ಹೋಗಿದ್ದರು. ಅವಳಮ್ಮ ಸರೆಪ್ಟಾ ಆ ಚೀಲದ ಗಂಟನ್ನೂ ಬಿಚ್ಚದೆ ಹೆಗಲಿಗೇರಿಸಿಕೊಂಡು, ಮಗಳ ಕೈ ಹಿಡಿದು, ಗುಡ್ಡ ಹತ್ತಿಳಿದು ವಾಪಸು ಕೊಟ್ಟು ಬಂದಳು. ಅಂದು ರಾತ್ರಿ ಇಬ್ಬರೂ ಬೇಯಿಸಿದ ಸೊಪ್ಪು ತಿಂದು ಮಲಗಿದರು. ಹಸಿದ ಹೊಟ್ಟೆಯಲ್ಲೂ ಅಮ್ಮನ ಮುಖ ರಾಣಿಯ ಮುಖದಂತಿತ್ತು. ಆ ಮುಖವನ್ನು ಲುವೀನಾ ಕನಸಿನಲ್ಲಿ ಆಗಾಗ ಕಾಣುತ್ತಿದ್ದಳು.

ದೊಡ್ಡವಳಾದ ಮೇಲೆ ಅವಳೂ ಹಾಗೆಯೇ ಆದಳು. ಕೆಳಮನೆಯ ಹೋಬರ್ಟ್ ಸ್ಟೇಸಿ ಅವಳ ಹಿತ್ತಿಲನ್ನು ಉತ್ತುಕೊಟ್ಟರೆ, ಅವನು ಮನೆ ಸೇರುವ ಮೊದಲೇ ಅವನ ಜಗಲಿಯ ಮೇಲೆ ಸೇಬಿನ ಗೊಜ್ಜಿನ ಭರಣಿ ಕೂತಿರುತ್ತಿತ್ತು.

“ನಿಮ್ಮ ಹಿತ್ತಲು ಉತ್ತೂ ಉತ್ತೂ ನಮ್ಮನೇಲಿ ಭರಣಿ ಇಡೋಕೆ ಜಾಗ ಇಲ್ಲ ಅತ್ತೆ,” ಎಂದು ಹೋಬರ್ಟನ ಹೆಂಡತಿ ಡೆಲ್ಫಿಯಾ ನಗುತ್ತಿದ್ದಳು. “ಮುಂದಿನ ವರ್ಷ ಕಲ್ಲಾದ್ರೂ ಕಮ್ಮಿ ಇರೋ ನೆಲ ನೋಡ್ಕೊಳ್ಳಿ, ಉಳೋ ಕಷ್ಟ ಕಮ್ಮಿ ಆದ್ರೆ ಗೊಜ್ಜೂ ಕಮ್ಮಿ ಆಗುತ್ತೆ.”

ಹೆರಿಗೆ ಮಾಡಿಸಿದ್ದಕ್ಕೆ ಮಾತ್ರ ಲುವೀನಾ ಏನನ್ನೂ ಕೇಳುತ್ತಿರಲಿಲ್ಲ. ಕೊಟ್ಟರೆ ಒಂದು ಕೋಳಿ, ಕೊಡದಿದ್ದರೆ ಅದೂ ಇಲ್ಲ. ಯಾರಾದರೂ ಸಂಕೋಚಪಟ್ಟರೆ “ಅದು ನನ್ನ ಡ್ಯೂಟಿ” ಎಂದು ಚೀಲ ಎತ್ತಿಕೊಂಡು ಹೊರಡುತ್ತಿದ್ದಳು.

ಒಂದು ವಸಂತದಲ್ಲಿ ಬೆಳಗಿನ ಮಂಜು ಎದ್ದುಹೋಗುವುದನ್ನು ಮರೆಯಿತು. ಮೊದಲು ಎದುರಿನ ಗುಡ್ಡದ ಸಾಲು ಹೋಯಿತು. ಆಮೇಲೆ ಹಿತ್ತಿಲ ಸೇಬಿನ ಮರ, ಹೂ ಬಿಟ್ಟ ವಾರದಲ್ಲೇ, ಬೆಳ್ಳಗಿನ ಉಸಿರಿನಂತಾಗಿ ಕರಗಿತು. ಎಲ್ಲೂ ನೋವಿರಲಿಲ್ಲ. ಲೋಕ ಅವಳಿಂದ ಸದ್ದಿಲ್ಲದೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿತ್ತು, ನಿದ್ದೆ ಹೋದ ಮಗುವಿನ ಪಕ್ಕದಿಂದ ತಾಯಿ ಸರಿದಂತೆ. ಕಣ್ಣು ಹೋಗುತ್ತಿದೆಯೆಂದು ಅವಳಿಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ.

ಒಂದು ದಿನ ಒರತೆಗೆಂದು ಹೊರಟವಳು ಹೊಳೆಯ ನಡುವೆ ನಿಂತಿದ್ದಳು. ಕೈಯಲ್ಲಿ ಬಕೆಟ್ಟು. ಹೋಬರ್ಟ್ ನೋಡಿದ.

“ಇಲ್ಲೇನ್ ಮಾಡ್ತಿದೀರಿ ಅತ್ತೆ?”

“ಕಾಲು ತೊಳೀತಿದೀನಿ.”

“ಬೂಟ್ ಹಾಕ್ಕೊಂಡಾ?”

“ಬೂಟೂ ಕೊಳೆ ಆಗಿತ್ತು ಕಣೋ. ನಿನ್ನ ಕೆಲಸ ನೋಡ್ಕೊ ಹೋಗು.”

ಅವನು ಕೈ ಹಿಡಿಯಲು ಬರಲಿಲ್ಲ, ಅಷ್ಟು ಬುದ್ಧಿ ಅವನಿಗಿತ್ತು. ಸಿಳ್ಳೆ ಹಾಕುತ್ತ ಮುಂದೆ ನಡೆದ. ಆ ಸಿಳ್ಳೆಯ ಹಿಂದೆ ಅವಳು ಮನೆ ಸೇರಿದಳು. ಮಾರನೆಯ ದಿನ ಡೆಲ್ಫಿಯಾ ಬಸುರಿನ ಹೊಟ್ಟೆ ಹೊತ್ತು ಬಂದು, ತಮ್ಮ ಮನೆಯಲ್ಲೇ ಇದ್ದುಬಿಡಿ ಎಂದು ಕರೆದಳು. ಹೋಬರ್ಟ್ ಲುವೀನಾಳನ್ನು ತನ್ನ ಟ್ರಕ್ಕಿನಲ್ಲಿ ಕರೆದೊಯ್ದು ಪಟ್ಟಣದ ಡಾಕ್ಟರಿಗೂ ತೋರಿಸಿ ಬಂದ. ಕಣ್ಣಿನ ಹಿಂದಿನ ನರ ಸತ್ತಿದೆ, ಮಾಡುವಂಥದ್ದು ಏನಿಲ್ಲ ಎಂದರು ಡಾಕ್ಟರು. ಟ್ರಕ್ಕಿಗೆ ಪ್ರತಿಯಾಗಿ ಲುವೀನಾ ಒಂದು ಕೌದಿ ಕೊಟ್ಟಳು. ಮನೆ ಬಿಡುವ ಮಾತಿಗೆ ಮಾತ್ರ, “ಸಾಯೋ ಕಾಲಕ್ಕೆ ಬಿಹೋಲ್ಡನ್ ಆಗಲ್ಲ ನಾನು,” ಎಂದುಬಿಟ್ಟಳು.

ಕೆಲವು ದಿನ ಕಳೆದು, ಬೆಳಿಗ್ಗೆ ಜಗಲಿಯ ಕಂಬ ತಡವುತ್ತಿದ್ದಾಗ ಅವಳ ಕೈಗೆ ಒಂದು ಹಗ್ಗ ಸಿಕ್ಕಿತು. ಸೊಂಟದ ಎತ್ತರಕ್ಕೆ ಬಿಗಿಯಾಗಿ ಕಟ್ಟಿತ್ತು. ಅದು ಒರತೆಯವರೆಗೆ ಹೋಗಿ, ಅಲ್ಲಿಂದ ಹೊಳೆದಂಡೆಗುಂಟ ಹೋಬರ್ಟನ ಬೇಲಿ ಮುಟ್ಟಿ, ಮುಂದೆ ಚರ್ಚಿನ ಮೆಟ್ಟಿಲಿನ ತನಕ ಸಾಗಿತ್ತು. ಸ್ವಲ್ಪ ದೂರ ನೇಗಿಲಿನ ಮಿಣಿ, ಸ್ವಲ್ಪ ದೂರ ಬಟ್ಟೆ ಒಣಹಾಕುವ ಹುರಿ, ಮತ್ತೆ ಸ್ವಲ್ಪ ದೂರ ಹೆಣೆದ ಚಿಂದಿ.

ಲುವೀನಾ ಒಬ್ಬೊಬ್ಬರನ್ನೇ ಕೇಳಿದಳು. “ಹಗ್ಗಾನಾ? ಯಾವ ಹಗ್ಗ ಅತ್ತೆ?” ಎಂದ ಹೋಬರ್ಟ್. ಚರ್ಚಿನ ಪಾದ್ರಿ ಗಂಟಲು ಸರಿಮಾಡಿಕೊಂಡು ಹವೆಯ ವಿಷಯ ಎತ್ತಿದರು. ಅಂಗಡಿಯವನು, “ಈ ವರ್ಷ ಮಳೆಗೆ ಹಗ್ಗ ಚೆನ್ನಾಗಿ ಬೆಳೆದಿದೆ,” ಎಂದ. ಕಟ್ಟಿದವರೇ ಇಲ್ಲದ ಮೇಲೆ ಭರಣಿಯನ್ನು ಯಾರ ಜಗಲಿಯಲ್ಲಿ ಇಡುವುದು? ಸಿಟ್ಟಿಗೆದ್ದು ಅವಳು ಹಗ್ಗ ಮುಟ್ಟದೆ, ಅದರ ಪಕ್ಕದಲ್ಲೇ ಎಡವುತ್ತ ಓಡಾಡಿದಳು.

ಆಗಸ್ಟಿನ ಒಂದು ಬೆಳಿಗ್ಗೆ ಕೆಳಮನೆಯಲ್ಲಿ ಹೊಲದವರನ್ನು ಊಟಕ್ಕೆ ಕರೆಯುವ ಗಂಟೆ ಎಡೆಬಿಡದೆ ಬಡಿದುಕೊಂಡಿತು. ಹೋಬರ್ಟ್ ಗಣಿಗೆ ಹೋಗಿದ್ದ, ಡೆಲ್ಫಿಯಾ ಒಬ್ಬಳೇ ಇದ್ದಳು. ಲುವೀನಾಗೆ ಅರ್ಥವಾಯಿತು. ಚೀಲ ಎತ್ತಿಕೊಂಡು ಅಂಗಳಕ್ಕಿಳಿದರೆ ಸದ್ದು ಮಂಜಿನೊಳಗೆ ಒಡೆದು ಗುಡ್ಡದಿಂದಲೂ ಹೊಳೆಯಿಂದಲೂ ಆಕಾಶದಿಂದಲೂ ಬರುತ್ತಿತ್ತು. ಇಡೀ ಕಣಿವೆಯೇ ಒಂದು ಗಂಟೆಯಾಗಿ ತನ್ನನ್ನು ಒಳಗಿಟ್ಟುಕೊಂಡಂತೆ ಅವಳಿಗೆ ಅನಿಸಿತು. ಒಂದು ಗಳಿಗೆ ನಿಂತಳು. ಆಮೇಲೆ ಕೈ ಚಾಚಿ ಹಗ್ಗ ಹಿಡಿದಳು.

ಅದು ಅಂಗೈಯಲ್ಲಿ ಇಬ್ಬನಿಯಿಂದ ತಣ್ಣಗಿತ್ತು. ನೆಲ ಇದೆಯೋ ಇಲ್ಲವೋ ಎಂಬಂಥ ಬಿಳಿಯಲ್ಲಿ ಅವಳು ತೇಲುತ್ತ ನಡೆದಳು. ಬಲಕ್ಕೆ ಹೊಳೆ ಏನೋ ಗೊಣಗುತ್ತ ಜೊತೆಗೆ ಬಂತು. ಬೇಲಿ ಸಿಕ್ಕಿತು, ಬಾಗಿಲು ಸಿಕ್ಕಿತು. ಒಳಗೆ ಹೋದ ಮೇಲೆ ಕಣ್ಣಿನ ಅಗತ್ಯವೇ ಬೀಳಲಿಲ್ಲ. ಅವಳ ಬೆರಳುಗಳು ಆ ದಾರಿಯಲ್ಲಿ ಬಹಳ ಸಲ ಓಡಾಡಿದ್ದವು. ಮಧ್ಯಾಹ್ನದೊಳಗೆ ಹೆಣ್ಣುಮಗು ಹುಟ್ಟಿ, ಗಂಟೆಗಿಂತ ಜೋರಾಗಿ ಅತ್ತಿತು.

ಸಂಜೆ ಹೋಬರ್ಟ್ ಮೈತುಂಬ ಮಸಿ ಹೊತ್ತು ಬಂದ. ಮಗುವನ್ನು ನೋಡಿ, ಜಗಲಿಗೆ ಬಂದು ಲುವೀನಾಳ ಪಕ್ಕ ಕೂತ.

“ಕೋಳಿ ಹಿಡಿಯೋಕೆ ಹೋಗ್ಬೇಡ,” ಎಂದಳು ಅವಳು. “ಹಗ್ಗ ಕಟ್ಟಿದವರು ಯಾರು ಹೇಳು, ಸಾಕು. ಲೆಕ್ಕ ಸರಿ ಮಾಡ್ಬೇಕು ನಾನು.”

ಹೋಬರ್ಟ್ ಅಂಗೈಯ ಮಸಿಯನ್ನು ಮೊಣಕಾಲಿಗೆ ಒರೆಸಿಕೊಂಡ. “ನನ್ನನ್ನ ಹೊರಗೆ ಎಳೆದವರು ಯಾರು ಅತ್ತೆ?”

“ನಾನೇ. ಕಾಲು ಮುಂದಾಗಿ ಬಂದೆ, ಆಗ್ಲೇ ಮೊಂಡ.”

“ಅಮ್ಮ ಏನು ಕೊಟ್ಳು?”

“ನಿಮ್ಮಮ್ಮನ ಹತ್ರ ಕೋಳೀನೂ ಇರ್ಲಿಲ್ಲ ಪಾಪ.”

“ಹಂಗಾದ್ರೆ ಈ ಕಣಿವೇಲಿ ಇಷ್ಟು ವರ್ಷ ಬಿಹೋಲ್ಡನ್ ಆಗಿದ್ದೋರು ಯಾರು?”

“ಅದು ಬೇರೆ. ಅದು ನನ್ನ ಡ್ಯೂಟಿ.”

“ಇದೂ ಯಾರದೋ ಡ್ಯೂಟಿ ಅಂದ್ಕೊಳ್ಳಿ.” ಅವನು ಎದ್ದ. “ಯಾರದು ಅಂತ ನಂಗೊತ್ತಿಲ್ಲ.”

ಒಳಗೆ ಮಗು ಸೀನಿತು. ಗುಡ್ಡದ ಕಡೆಯಿಂದ ತಂಪಾದ ಗಾಳಿ ಬಂದು ಲುವೀನಾಳ ಕೆನ್ನೆ ಸವರಿತು. ಅವಳು ಎದ್ದು ಬೇಲಿಯತ್ತ ಹೋಗಿ ಹಗ್ಗಕ್ಕೆ ಕೈ ಚಾಚಿದಳು.

ಅಂದಿನಿಂದ ಅವಳು ಹಗ್ಗ ಹಿಡಿದೇ ನಡೆದಳು. ಶಾಲೆಗೆ ಹೊಸದಾಗಿ ಬಂದ ಟೀಚರಮ್ಮ ಒಮ್ಮೆ ಜೊತೆಗೆ ಚರ್ಚಿಗೆ ಹೋಗುತ್ತ, ‘ಬಿಹೋಲ್ಡನ್’ ಎಂಬ ಮಾತನ್ನು ಪಟ್ಟಣದಲ್ಲಿ ಈಗ ಯಾರೂ ಅಷ್ಟಾಗಿ ಆಡುವುದಿಲ್ಲ ಎಂದಳು. ಬಹಳ ಹಿಂದೆ ಅದಕ್ಕೆ ‘ಹಿಡಿದದ್ದು’ ಎಂದೇ ಅರ್ಥವಿತ್ತಂತೆ.

“ಕತ್ತು ಹಿಡಿದದ್ದೋ, ಕೈ ಹಿಡಿದದ್ದೋ?” ಎಂದು ಕೇಳಿದಳು ಲುವೀನಾ.

“ನಿಘಂಟಿನಲ್ಲಿ ಅದನ್ನ ಹೇಳಿಲ್ಲಮ್ಮ.”

“ಹೇಳ್ಬೇಕಿತ್ತು.”

ಚಳಿಗಾಲದ ಹಿಮ ಮಳೆಗೆ ಹಗ್ಗ ಕೊಳೆಯುತ್ತಿತ್ತು. ವಸಂತದಲ್ಲಿ ಹೊಸದು ಬಂದಿರುತ್ತಿತ್ತು. ಲುವೀನಾ ಮತ್ತೆ ಯಾರನ್ನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಬೆರಳುಗಳಿಗೆ ಗಂಟುಗಳ ಪರಿಚಯವಾಗಿತ್ತು. ಗಣಿಯವರು ಮಾತ್ರ ಹಾಕುವ ಎರಡು ಸುತ್ತಿನ ಗಂಟು ಹೋಬರ್ಟನದು. ಆತುರದ ಸಡಿಲ ಗಂಟು ಡೆಲ್ಫಿಯಾಳದು. ಪಾದ್ರಿಯದು ಎಷ್ಟು ಎಳೆದರೂ ಮುಗಿಯದ ಉದ್ದದ ಗಂಟು, ಅವರ ಪ್ರಾರ್ಥನೆಯ ಹಾಗೆ. ಮಂಜಿನ ಬೆಳಿಗ್ಗೆಗಳಲ್ಲಿ ಅವಳು ಅವುಗಳ ಮೇಲೆ ಕೈ ಆಡಿಸುತ್ತ, ಒಂದೊಂದರ ಹತ್ತಿರವೂ ಒಂದು ಗಳಿಗೆ ನಿಂತು, ಮನಸ್ಸಿನಲ್ಲೇ ಹೆಸರು ಹೇಳಿ ಮುಂದೆ ಹೋಗುತ್ತಿದ್ದಳು. ಎದುರಿಗೆ ಅವರೇ ಸಿಕ್ಕರೂ ಹೊಲದ ಮಾತು, ಹವೆಯ ಮಾತು ಆಡುತ್ತಿದ್ದಳೇ ಹೊರತು ಹಗ್ಗದ ಸುದ್ದಿ ಎತ್ತುತ್ತಿರಲಿಲ್ಲ.